ಮೇಲ್ ಕಳಿಸಿದ್ರೂ ‘ಬಂದಿಲ್ಲ’ ಅಂತಾರಾ? ಇನ್‌ಬಾಕ್ಸ್ ಸೇರೋದು ಯಾವುದರ ಮೇಲೆ ನಿಂತಿದೆ, ಇಲ್ಲಿದೆ ಮಾಹಿತಿ

ಕೊಟೇಶನ್ ಮೇಲ್ ಮಾಡಿದ್ದೀರಿ. ‘ಸೆಂಟ್’ ಅಂತಲೂ ತೋರಿಸ್ತಿದೆ. ಆ ಕಡೆಯವರು ಮಾತ್ರ ‘ಬಂದೇ ಇಲ್ಲ’ ಅಂತಾರೆ. ಅಷ್ಟರಲ್ಲಿ ಆರ್ಡರ್ ಬೇರೆಯವರ ಪಾಲಾಗಿರುತ್ತೆ.

‘ಸೆಂಟ್’ ಅಂದ್ರೆ ನಿಮ್ಮ ಕಡೆಯಿಂದ ಹೊರಟಿದೆ ಅಂತ ಅಷ್ಟೇ. ಇನ್‌ಬಾಕ್ಸ್‌ಗೆ ಹಾಕಬೇಕಾ, ಸ್ಪ್ಯಾಮ್‌ಗೆ ತಳ್ಳಬೇಕಾ ಅಂತ ತೀರ್ಮಾನಿಸೋದು ಪಡೆಯುವವರ ಮೇಲ್ ಸೇವೆ. ಸ್ಪ್ಯಾಮ್‌ಗೆ ಬಿದ್ದರೆ ಕಳಿಸಿದವರಿಗೆ ಯಾವ ಸೂಚನೆಯೂ ಬರಲ್ಲ.

ಮೊದಲ ಪರೀಕ್ಷೆ: ಕಳಿಸಿದ್ದು ನೀವೇನಾ?

ನಿಮ್ಮ ಅಂಗಡಿ ಹೆಸರು ಹಾಕಿಕೊಂಡು ಮೋಸಗಾರರೂ ಮೇಲ್ ಕಳಿಸಬಹುದು. ಅದಕ್ಕೇ ಮೂರು ತಪಾಸಣೆ ಇವೆ.

* ಎಸ್‌ಪಿಎಫ್: ನಿಮ್ಮ ಡೊಮೈನ್ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅನ್ನೋ ಪಟ್ಟಿ.
* ಡಿಕಿಮ್: ಮೇಲ್‌ಗೆ ಬೀಳುವ ಡಿಜಿಟಲ್ ಸಹಿ. ದಾರಿಯಲ್ಲಿ ತಿದ್ದಿದರೆ ಗೊತ್ತಾಗುತ್ತೆ.
* ಡಿಮಾರ್ಕ್: ತಪಾಸಣೆಯಲ್ಲಿ ಫೇಲಾದ ಮೇಲ್‌ ಅನ್ನು ಏನು ಮಾಡಬೇಕು ಅಂತ ನೀವು ಕೊಡುವ ಸೂಚನೆ.

ಜಿಮೇಲ್ ವಿಳಾಸದಿಂದ ಜಿಮೇಲ್ ಆ್ಯಪ್‌ನಲ್ಲೇ ಕಳಿಸುವವರಿಗೆ ಇದನ್ನೆಲ್ಲ ಗೂಗಲ್ ನೋಡಿಕೊಳ್ಳುತ್ತೆ. ಅಂಗಡಿ ಹೆಸರಿನ ಸ್ವಂತ ಡೊಮೈನ್ ಇದ್ದರೆ ಅದರ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಇವನ್ನು ಹಾಕಿಸಬೇಕು. ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನದೇ ಸರ್ವರ್‌ನಿಂದ ನಿಮ್ಮ ಹೆಸರಲ್ಲಿ ಮೇಲ್ ಕಳಿಸ್ತಿದ್ದರೆ ಅದನ್ನೂ ಪಟ್ಟಿಗೆ ಸೇರಿಸಿ. ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಹಳೆಯದನ್ನು ಬಿಟ್ಟು ಇನ್ನೊಂದು ಹಾಕಿದರೆ ಎರಡೂ ಕೆಲಸ ಮಾಡಲ್ಲ.

ಎರಡನೇ ಪರೀಕ್ಷೆ: ನಿಮ್ಮ ಹೆಸರು ಹೇಗಿದೆ?

ಸಂತೆಯಲ್ಲಿ ವ್ಯಾಪಾರಿಗೆ ಹೆಸರು ಇರುವ ಹಾಗೆ ಡೊಮೈನ್‌ಗೂ ಒಂದು ಹೆಸರು ಇರುತ್ತೆ. ದುಡ್ಡು ಕೊಟ್ಟು ಕೊಂಡ ವಿಳಾಸಗಳ ಪಟ್ಟಿಗೆ ಹಬ್ಬದ ಆಫರ್ ಕಳಿಸಿ, ಜನ ‘ಸ್ಪ್ಯಾಮ್’ ಒತ್ತಿದರೆ ಆ ಹೆಸರು ಕೆಡುತ್ತೆ. ಆಮೇಲೆ ನೀವು ಕಳಿಸುವ ನಿಜವಾದ ಬಿಲ್ಲಿಗೂ ಅದೇ ಗತಿ.

2024ರ ಫೆಬ್ರವರಿಯಿಂದ ಗೂಗಲ್ ನಿಯಮ ಬಿಗಿ ಮಾಡಿದೆ. ಜಿಮೇಲ್ ಖಾತೆಗಳಿಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ. ದಿನಕ್ಕೆ 5,000ದಷ್ಟು ಅಥವಾ ಹೆಚ್ಚು ಕಳಿಸುವವರಿಗೆ ಮೂರೂ ಬೇಕು. ಪ್ರಚಾರದ ಮೇಲ್‌ನಲ್ಲಿ ಒಂದೇ ಕ್ಲಿಕ್‌ಗೆ ಹೊರಹೋಗುವ ‘ಅನ್‌ಸಬ್‌ಸ್ಕ್ರೈಬ್’ ಇರಬೇಕು. ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು, ಅಂದ್ರೆ ಸಾವಿರಕ್ಕೆ ಮೂರು.

ನೀವೇ ಪರೀಕ್ಷಿಸಿ

ಅಂಗಡಿ ವಿಳಾಸದಿಂದ ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಹಾಕಿ. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ನೋಡಿ. ಮೂರರ ಮುಂದೆಯೂ ‘ಪಾಸ್’ ಅಂತಿದ್ದರೆ ಮೊದಲ ಪರೀಕ್ಷೆ ಗೆದ್ದಂತೆ. ‘ಫೇಲ್’ ಅಂತಿದ್ದರೆ ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೇಳಿ, ಸರಿ ಮಾಡಿಸಿ.

ಗ್ರಾಹಕರ ಸ್ಪ್ಯಾಮ್‌ಗೆ ಹೋಗಿದ್ದರೆ ‘ನಾಟ್ ಸ್ಪ್ಯಾಮ್’ ಒತ್ತಿ, ನಿಮ್ಮ ವಿಳಾಸ ಸೇವ್ ಮಾಡಿಕೊಳ್ಳೋಕೆ ಹೇಳಿ. ಜಿಮೇಲ್‌ನಲ್ಲಿ ಸ್ಪ್ಯಾಮ್ 30 ದಿನಕ್ಕೆ ತಾನಾಗೇ ಅಳಿಸಿಹೋಗುತ್ತೆ, ತಡ ಮಾಡಬೇಡಿ. ಕೊನೆ ದಿನಾಂಕ ಇರುವ ಕೊಟೇಶನ್ ಆದರೆ ಮೇಲ್ ಕಳಿಸಿದ ದಿನವೇ ಫೋನ್ ಮಾಡಿ ಸಿಕ್ಕಿದೆಯಾ ಅಂತ ಕೇಳಿಬಿಡಿ.