ಬಚ್ಚಲ ಒಲೆಯಿಂದ ತಾರಸಿಗೆ: ಬೆಂಗಳೂರಿನ ಬಿಸಿನೀರಿನ ಚರಿತ್ರೆ

ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭವಾದ ಜಲವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತಾದರೂ, ನಗರದ ಸಾಮಾನ್ಯ ಗೃಹಸ್ಥರ ಬಚ್ಚಲುಮನೆಗೆ ಅದು ಕಾಲಿಡಲು ಹಲವು ದಶಕಗಳು ಬೇಕಾದವು. ಅಲ್ಲಿಯವರೆಗೆ, ಎಷ್ಟೋ ಮನೆಗಳಲ್ಲಿ ಅದರ ನಂತರವೂ, ಸ್ನಾನದ ನೀರು ಕಾಯುತ್ತಿದ್ದುದು ಬಚ್ಚಲ ಮೂಲೆಯ ಒಲೆಗೆ ಕೂರಿಸಿದ ತಾಮ್ರದ ಹಂಡೆಯಲ್ಲಿ; ಉರುವಲಾಗಿ ಸೌದೆ, ತೆಂಗಿನ ಗರಿ, ಚಿಪ್ಪು, ಮರದ ಹೊಟ್ಟು ಬಳಕೆಯಾಗುತ್ತಿದ್ದವು. ಬಡಾವಣೆಗಳು ಬೆಳೆದು, ಸೌದೆ ಡಿಪೋಗಳು ಮರೆಯಾಗುತ್ತ ಬಂದಂತೆ ಆ ಸ್ಥಾನವನ್ನು ಗೀಸರ್, ಅಂದರೆ ಗೋಡೆಗೆ ತೂಗುಹಾಕಿ ವಿದ್ಯುತ್ತಿನಿಂದ ನೀರು ಕಾಯಿಸುವ ಉಪಕರಣ, ಆಕ್ರಮಿಸಿಕೊಂಡಿತು.

ಈ ಬದಲಾವಣೆಯ ಭಾರವನ್ನು ಹೊರಬೇಕಾದದ್ದು ಒಂದು ದುರ್ಬಲ ವ್ಯವಸ್ಥೆ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಕೆಲಸ ಆರಂಭಿಸುವವರೆಗೂ ಕರ್ನಾಟಕದ ವಿದ್ಯುತ್ತು ಬಹುಮಟ್ಟಿಗೆ ಶರಾವತಿಯಂಥ ನದಿಗಳನ್ನೇ ನೆಚ್ಚಿಕೊಂಡಿತ್ತು; ಮಲೆನಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಬೆಂಗಳೂರಿನಲ್ಲಿ ಕರೆಂಟು ಹೋಗುತ್ತಿತ್ತು. ಸಾಧಾರಣ ಗೀಸರ್ ಎರಡು ಕಿಲೋವ್ಯಾಟ್ ಎಳೆಯುತ್ತದೆ, ಮತ್ತು ಊರಿಗೆ ಊರೇ ಸ್ನಾನಕ್ಕೆ ಹೊರಡುವುದು ಬೆಳಗಿನ ಆರರಿಂದ ಒಂಬತ್ತರ ನಡುವೆ. ಒಂದೇ ಹೊತ್ತಿನಲ್ಲಿ ಒಟ್ಟಾಗಿ ಏರುವ ಈ ಬಳಕೆಗೆ ಗರಿಷ್ಠ ಬೇಡಿಕೆ ಎನ್ನುತ್ತಾರೆ. ದಿನದ ಉಳಿದ ಗಂಟೆಗಳಲ್ಲಿ ಎಷ್ಟೇ ಮಿತವ್ಯಯ ಮಾಡಿದರೂ ಈ ಎರಡು ಮೂರು ಗಂಟೆಗಳಿಗಾಗಿಯೇ ಹೆಚ್ಚಿನ ಸ್ಥಾವರ ಮತ್ತು ತಂತಿ ಮಾರ್ಗಗಳನ್ನು ಸಿದ್ಧವಾಗಿಡಬೇಕಾಗುತ್ತದೆ. ಬೆಂಗಳೂರಿನ ಸೌರ ನೀತಿಯ ಬೇರು ಇರುವುದು ಇಲ್ಲಿ, ಪರಿಸರದ ಕಾಳಜಿಗಿಂತ ಹೆಚ್ಚಾಗಿ ಬೆಳಗಿನ ಈ ಒತ್ತಡದಲ್ಲಿ.

ಜನ 'ಸೋಲಾರ್' ಎಂದಷ್ಟೇ ಕರೆಯುವ ಸೌರ ಜಲತಾಪಕದ ರಚನೆ ಸರಳವಾದದ್ದು. ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಲ್ಲಿಸಿದ, ಗಾಜು ಹೊದಿಸಿದ ಪೆಟ್ಟಿಗೆಯೊಳಗೆ ಕಪ್ಪು ಲೇಪದ ತಾಮ್ರದ ಕೊಳವೆಗಳಿರುತ್ತವೆ; ಅವುಗಳಲ್ಲಿ ಬಿಸಿಯಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ತಾನೇ ಏರಿ, ತಣ್ಣೀರು ಕೆಳಗಿಳಿಯುವುದರಿಂದ ಪಂಪಿನ ಅಗತ್ಯವೇ ಬೀಳುವುದಿಲ್ಲ. ಶಾಖ ಆರದಂತೆ ಹೊದಿಕೆ ಹಾಕಿದ ಆ ತೊಟ್ಟಿಗೆ ನೀರು ಇಳಿಯಬೇಕಾದರೆ ಓವರ್‌ಹೆಡ್ ಟ್ಯಾಂಕು ಇನ್ನೂ ಎತ್ತರದಲ್ಲಿರಬೇಕು. ತಾರಸಿಯ ಮೇಲೆ ಮತ್ತೊಂದು ಕಟ್ಟೆ, ಗೋಡೆಯೊಳಗೆ ಬಿಸಿನೀರಿಗೆಂದೇ ಪ್ರತ್ಯೇಕ ಪೈಪು, ಹೀಗೆ ಮನೆಯ ನಕ್ಷೆಯೇ ಅದಕ್ಕೆ ತಕ್ಕಂತೆ ಬದಲಾಯಿತು.

ಉಪಕರಣ ಇದ್ದರಷ್ಟೇ ಸಾಲದು, ಅದನ್ನು ಕೊಳ್ಳುವ ಮನಸ್ಸೂ ಬರಬೇಕು. ಸೋಲಾರ್ ಅಳವಡಿಸಿದ ಮನೆಗಳಿಗೆ ವಿದ್ಯುತ್ ದರಪಟ್ಟಿಯಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿಗೆ ಮೀರದಂತೆ ರಿಯಾಯಿತಿ ಕೊಡಲಾಯಿತು. ವರ್ಷಕ್ಕೆ ಹೆಚ್ಚೆಂದರೆ 600 ರೂಪಾಯಿಯ ಈ ಮೊತ್ತ ಉಪಕರಣದ ಬೆಲೆಯ ಮುಂದೆ ಅಲ್ಪವೇ. ಆದರೆ ತಿಂಗಳು ತಿಂಗಳೂ ಬಿಲ್ಲಿನಲ್ಲಿ ಅಚ್ಚಾಗಿ ಬರುವ ಉಳಿತಾಯ, ಒಮ್ಮೆ ಕೊಟ್ಟು ಮರೆತುಹೋಗುವ ಸಬ್ಸಿಡಿಗಿಂತ ಹೆಚ್ಚು ಮನವೊಲಿಸುವ ಶಕ್ತಿಯುಳ್ಳದ್ದೆಂಬುದನ್ನು ನೀತಿ ರೂಪಿಸುವವರು ಗಂಭೀರವಾಗಿ ಪರಿಗಣಿಸಬೇಕು. ಅದರ ಮೇಲೆ 2007ರಲ್ಲಿ ಸರ್ಕಾರದ ಆದೇಶ ಬಂದು, ನಗರ ವ್ಯಾಪ್ತಿಯ 1200 ಚದರ ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳಲ್ಲಿ 600 ಚದರ ಅಡಿಗೆ ಕಡಿಮೆಯಿಲ್ಲದೆ ಕಟ್ಟುವ ಮನೆಗಳಿಗೆ ಸೋಲಾರ್ ಕಡ್ಡಾಯವಾಯಿತು. ನಿಯಮವನ್ನು ಜಾರಿಗೊಳಿಸುವ ಕೀಲಿ ನಗರಕ್ಕೆ ವಿದ್ಯುತ್ ಪೂರೈಸುವ ಕಂಪನಿಯಾದ ಬೆಸ್ಕಾಂನ ಕೈಯಲ್ಲಿತ್ತು: ತಾರಸಿಯಲ್ಲಿ ಸೋಲಾರ್ ಇಲ್ಲದಿದ್ದರೆ ಹೊಸ ಸಂಪರ್ಕವಿಲ್ಲ.

ಇಷ್ಟಾಗಿಯೂ ತೊಡಕುಗಳು ಉಳಿದವು. ಕಾವೇರಿ ನೀರು ತಲುಪದ ಬಡಾವಣೆಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರು ಕಾದಾಗ ಬಿಳಿಯ ಸುಣ್ಣದ ಪದರ ಕೂತು, ಬೆರಳ ಗಾತ್ರದ ತಾಮ್ರದ ಕೊಳವೆಗಳು ಕಟ್ಟಿಕೊಳ್ಳುತ್ತಿದ್ದವು. ನಿರ್ವಾತ ಗಾಜಿನ ಕೊಳವೆಗಳ ಅಗ್ಗದ ಮಾದರಿ ಬೇಗನೆ ಹರಡಲು ಇದೂ ಒಂದು ಕಾರಣ. ಇದಕ್ಕಿಂತ ಆಳವಾದ ತೊಡಕು ಒಡೆತನದ್ದು: ಹಣ ಹಾಕಬೇಕಾದವರು ಮಾಲೀಕರು, ಬಿಲ್ಲು ಕಡಿಮೆಯಾಗುವುದು ಬಾಡಿಗೆದಾರರಿಗೆ. ಹೊಸ ಸಂಪರ್ಕಕ್ಕೆ ಮಾತ್ರ ಅಂಟಿಕೊಂಡ ನಿಯಮವು ಹಳೆಯ ಬಡಾವಣೆಗಳ ಮನೆಗಳನ್ನು ಮುಟ್ಟಲೇ ಇಲ್ಲ.

ಈ ಕೊರತೆಯನ್ನು ತುಂಬುವ ಪ್ರಯತ್ನ ಬಿಸಿನೀರಿನಲ್ಲಲ್ಲ, ಮಳೆನೀರಿನಲ್ಲಿ ನಡೆಯಿತು. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಂದ ತಿದ್ದುಪಡಿಯು 30×40 ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳ ಜೊತೆಗೆ, 40×60 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಲ್ಲಿ ಅದಾಗಲೇ ಇದ್ದ ಮನೆಗಳನ್ನೂ ಮಳೆನೀರು ಸಂಗ್ರಹದ ವ್ಯಾಪ್ತಿಗೆ ತಂದಿತು. ನೂರು ಕಿಲೋಮೀಟರಿನಷ್ಟು ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಕಾವೇರಿಯನ್ನು ಪಂಪು ಮಾಡುವ ನಗರಕ್ಕೆ ನೀರಿನ ಉಳಿತಾಯವೆಂದರೆ ವಿದ್ಯುತ್ತಿನ ಉಳಿತಾಯವೂ ಹೌದು. ಜಯನಗರದಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಸಂಗ್ರಹ ಉದ್ಯಾನವನ್ನು ತೆರೆದು, ಸೋಸುವ ಸಾಧನ, ಇಂಗುಬಾವಿ, ಸಂಪುಗಳ ಮಾದರಿಗಳನ್ನು ಮಾಲೀಕರೂ ಕೊಳಾಯಿ ಕೆಲಸದವರೂ ಕಣ್ಣಾರೆ ನೋಡಿ ಕಲಿಯುವಂತೆ ಮಾಡಲಾಯಿತು. ನಿಯಮ ಪಾಲಿಸದ ಮನೆಗಳಿಗೆ ನೀರಿನ ಬಿಲ್ಲಿನಲ್ಲೇ ದಂಡ ಸೇರಿಸುವ ಪದ್ಧತಿ ಬಂತು. ಸೋಲಾರ್‌ಗೆ ರಿಯಾಯಿತಿ ತೋರಿಸಿದಂಥ ಬಿಲ್ಲಿನ ಕಾಗದವೇ ಇಲ್ಲಿ ದಂಡವನ್ನು ತೋರಿಸಿತು.