ಇದ್ದಿಲಿನಿಂದ ಪ್ರತಿಕಾಯಕ್ಕೆ: ಹಾರ್ಮೋನು ಗ್ರಾಹಕಗಳನ್ನು ಅಳೆದ ಬಗೆ

ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ಸ್ತನ ಕ್ಯಾನ್ಸರ್ ಉಲ್ಬಣಿಸಿದ್ದ ಮಹಿಳೆಯರ ಅಂಡಾಶಯ ತೆಗೆದು, ಗಡ್ಡೆ ಕುಗ್ಗಿದ್ದನ್ನು 1896ರಲ್ಲಿ ವರದಿ ಮಾಡಿದರು. ಬೇರೆಯವರೂ ಇದನ್ನೇ ಮಾಡಿ ನೋಡಿದಾಗ ಗುಣ ಕಂಡದ್ದು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ. ಆ ಒಬ್ಬರು ಯಾರೆಂದು ಮೊದಲೇ ಹೇಳುವ ಉಪಾಯ ಮುಂದೆ ಏಳು ದಶಕ ಕಳೆದರೂ ಇರಲಿಲ್ಲ. ಉಳಿದ ಇಬ್ಬರ ಅಂಡಾಶಯ ವ್ಯರ್ಥವಾಗಿ ಹೋಗುತ್ತಿತ್ತು. ಅಂಗಾಂಶದಲ್ಲಿ ಸ್ಟೀರಾಯ್ಡ್ ಹಾರ್ಮೋನಿನ ಗ್ರಾಹಕಗಳನ್ನು ಅಳೆಯುವ ವಿದ್ಯೆ ಬೆಳೆದದ್ದು ಬಹುಪಾಲು ಈ ಒಂದು ಪ್ರಶ್ನೆಯ ಒತ್ತಡದಿಂದ.

ಅಳೆಯುವ ಮೊದಲು, ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ ಎಂಬುದೊಂದು ಇದೆ ಎಂದು ತಿಳಿಯಬೇಕಿತ್ತು. ಷಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ ಮತ್ತು ಹರ್ಬರ್ಟ್ ಜೇಕಬ್ಸನ್ 1950ರ ದಶಕದ ಕೊನೆಗೆ, ಅಂಡಾಶಯ ಸ್ರವಿಸುವ ಈಸ್ಟ್ರೊಜೆನ್ ಆದ ಎಸ್ಟ್ರಾಡಿಯಾಲ್ ಹಾರ್ಮೋನಿಗೆ ವಿಕಿರಣ ಸೂಸುವ ಟ್ರಿಟಿಯಂ ಬೆಸೆದು, ದೇಹದಲ್ಲಿ ಸಹಜವಾಗಿ ಇರುವಷ್ಟೇ ಸಣ್ಣ ಪ್ರಮಾಣದಲ್ಲಿ ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿದರು. ರಕ್ತ, ಸ್ನಾಯುಗಳಿಂದ ಹಾರ್ಮೋನು ಬೇಗ ಮಾಯವಾಯಿತು. ಗರ್ಭಕೋಶದಲ್ಲಿ ಮಾತ್ರ ಗಂಟೆಗಟ್ಟಲೆ ಉಳಿಯಿತು, ಅದೂ ರಾಸಾಯನಿಕವಾಗಿ ಬದಲಾಗದೆ. ಹಾರ್ಮೋನು ಯಾವುದೋ ಕಿಣ್ವದ ಕ್ರಿಯೆಯಲ್ಲಿ ರೂಪಾಂತರಗೊಂಡು ಕೆಲಸ ಮಾಡುತ್ತದೆ ಎಂಬ ಆಗಿನ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು. 1966ರಲ್ಲಿ ಇಲಿನಾಯ್‌ನ ಡೇವಿಡ್ ಟಾಫ್ಟ್ ಮತ್ತು ಜ್ಯಾಕ್ ಗೋರ್ಸ್ಕಿ, ಸಾಂದ್ರತೆ ಹಂತಹಂತವಾಗಿ ಏರುವ ಸಕ್ಕರೆ ದ್ರಾವಣದಲ್ಲಿ ಗರ್ಭಕೋಶದ ಸಾರವನ್ನು ತಿರುಗಿಸಿ, ಹಾರ್ಮೋನನ್ನು ಹಿಡಿದಿಟ್ಟ ಪ್ರೋಟೀನನ್ನು ಬೇರ್ಪಡಿಸಿ ತೋರಿಸಿದರು.

ಆದರೆ ಆ ವಿಧಾನಕ್ಕೆ ತಗಲುವ ಸಮಯದಲ್ಲಿ ಆಸ್ಪತ್ರೆಯ ಕೆಲಸ ಸಾಗದು. ಅಲ್ಲಿ ಕೈಹಿಡಿದದ್ದು ಇದ್ದಿಲು. ಗಡ್ಡೆಯ ತುಂಡನ್ನು ತಣ್ಣಗಿರುವಂತೆಯೇ ಅರೆದು, ವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದುಕೊಳ್ಳಬೇಕು. ಅದಕ್ಕೆ ಟ್ರಿಟಿಯಂ ಹಚ್ಚಿದ ಎಸ್ಟ್ರಾಡಿಯಾಲನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಐಸಿನ ತಂಪಿನಲ್ಲಿಡಬೇಕು. ಬಳಿಕ ಡೆಕ್ಸ್ಟ್ರಾನ್ ಲೇಪಿಸಿದ ಇದ್ದಿಲ ಪುಡಿ ಹಾಕಿದರೆ, ಗ್ರಾಹಕಕ್ಕೆ ಅಂಟದೆ ಉಳಿದ ಹಾರ್ಮೋನನ್ನೆಲ್ಲ ಅದು ಹೀರಿಕೊಂಡು ತಳ ಸೇರುತ್ತದೆ. ತಿಳಿಯಲ್ಲಿ ಉಳಿದ ವಿಕಿರಣವೇ ಲೆಕ್ಕ. ಜೊತೆಗಿನ ಇನ್ನೊಂದು ಸಾಲಿನ ನಳಿಕೆಗಳಲ್ಲಿ ಗುರುತಿಲ್ಲದ ಹಾರ್ಮೋನನ್ನು ಧಾರಾಳವಾಗಿ ಸುರಿದಿರುತ್ತಾರೆ. ಅಲ್ಲಿ ಕಂಡ ವಿಕಿರಣವನ್ನು ಅಡ್ಡಾದಿಡ್ಡಿ ಅಂಟಿದ್ದೆಂದು ಕಳೆಯುತ್ತಾರೆ. ಅಂಟಿದ ಮತ್ತು ಅಂಟದ ಹಾರ್ಮೋನಿನ ಅನುಪಾತವನ್ನು ಅಂಟಿದ ಪ್ರಮಾಣಕ್ಕೆ ಎದುರಾಗಿ ಗುರುತಿಸುವ ಸ್ಕ್ಯಾಚರ್ಡ್ ನಕ್ಷೆಯಲ್ಲಿ ಎಳೆದ ಗೆರೆಯ ಇಳಿಜಾರು ಹಾರ್ಮೋನು ಅಂಟಿದ ಬಿಗಿತವನ್ನು ಹೇಳುತ್ತದೆ, ಅದು ಅಕ್ಷವನ್ನು ಮುಟ್ಟುವ ಬಿಂದು ಗ್ರಾಹಕಗಳ ಪ್ರಮಾಣವನ್ನು. ಉತ್ತರ ಬರುವುದು ಒಂದು ಮಿಲಿಗ್ರಾಂ ಪ್ರೋಟೀನಿಗೆ ಇಷ್ಟು ಫೆಮ್ಟೋಮೋಲ್ ಎಂದು. ಒಂದು ಫೆಮ್ಟೋಮೋಲ್ ಎಂದರೆ ಸುಮಾರು 60 ಕೋಟಿ ಅಣುಗಳು. 10 ಫೆಮ್ಟೋಮೋಲ್ ದಾಟಿದರೆ ಪಾಸಿಟಿವ್ ಎನ್ನುವುದು ಅನೇಕ ಪ್ರಯೋಗಾಲಯಗಳ ರೂಢಿಯಾಗಿತ್ತು.

1974ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಹಲವು ಗುಂಪುಗಳು ತಮ್ಮ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದವು. ಗ್ರಾಹಕ ಇದ್ದ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾರ್ಮೋನು ಚಿಕಿತ್ಸೆಗೆ ಬಗ್ಗಿದ್ದವು, ಇಲ್ಲದವುಗಳಲ್ಲಿ ಹತ್ತರಲ್ಲೊಂದೂ ಇಲ್ಲ. ಬೀಟ್ಸನ್ ಬಿಟ್ಟುಹೋದ ಪ್ರಶ್ನೆಗೆ ಸಿಕ್ಕ ಮೊದಲ ಗಟ್ಟಿ ಉತ್ತರವಿದು. ಮರುವರ್ಷ ಕ್ಯಾಥ್ರಿನ್ ಹಾರ್ವಿಟ್ಸ್ ಮತ್ತು ವಿಲಿಯಂ ಮೆಕ್‌ಗೈರ್, ಪ್ರೊಜೆಸ್ಟೆರಾನ್ ಗ್ರಾಹಕವನ್ನೂ ಅಳೆಯಿರಿ ಎಂದರು. ಅದು ಈಸ್ಟ್ರೊಜೆನ್ನಿನ ಆಜ್ಞೆಯಂತೆ ಹುಟ್ಟುವಂಥದ್ದು. ಅದು ಇದ್ದರೆ ಈಸ್ಟ್ರೊಜೆನ್ ಗ್ರಾಹಕ ಕೆಲಸವನ್ನೂ ಮಾಡುತ್ತಿದೆ ಎಂದರ್ಥ.

ಇದ್ದಿಲ ವಿಧಾನದ ಕೊರತೆಗಳು ಕಡಿಮೆಯಲ್ಲ. ನೂರಾರು ಮಿಲಿಗ್ರಾಂ ಅಂಗಾಂಶ ಬೇಕು, ಕತ್ತರಿಸಿದ ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಬೇಕು. ಮುಟ್ಟು ನಿಲ್ಲದ ಹೆಂಗಸರಲ್ಲಿ ಅವರದೇ ಹಾರ್ಮೋನು ಗ್ರಾಹಕಗಳನ್ನು ಆಕ್ರಮಿಸಿ ಲೆಕ್ಕ ತಗ್ಗಿಸುತ್ತಿತ್ತು. ಅರೆದ ಮೇಲೆ ಯಾವುದು ಕ್ಯಾನ್ಸರ್ ಕೋಶದ್ದು, ಯಾವುದು ಪಕ್ಕದ ಆರೋಗ್ಯವಂತ ನಾಳದ್ದು ಎಂದು ಹೇಳುವವರಿಲ್ಲ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇನ್ನೊಂದು ಸಂಗತಿ. ಗ್ರಾಹಕ ತಿಳಿಯಲ್ಲಿ ಸಿಗುತ್ತಿದ್ದುದರಿಂದ, ಅದು ಕೋಶದ್ರವದಲ್ಲಿ ಕಾದಿದ್ದು ಹಾರ್ಮೋನು ಬಂದ ಮೇಲೆ ಕೋಶಕೇಂದ್ರಕ್ಕೆ ಹೋಗುತ್ತದೆ ಎಂದು ಪಠ್ಯಪುಸ್ತಕಗಳು ವರ್ಷಗಟ್ಟಲೆ ಹೇಳಿದವು. 1984ರಲ್ಲಿ ಎರಡು ಗುಂಪುಗಳು ಬೇರೆ ಬೇರೆ ದಾರಿಯಲ್ಲಿ ಹೋಗಿ, ಹಾರ್ಮೋನು ಬರುವ ಮೊದಲೇ ಅದು ಕೋಶಕೇಂದ್ರದಲ್ಲಿರುತ್ತದೆ ಎಂದು ತೋರಿಸಿದವು. ಅರೆಯುವಾಗ ಅದು ಹೊರಗೆ ಸೋರುತ್ತಿತ್ತು, ಅಷ್ಟೆ. ಆ ಎರಡು ಗುಂಪುಗಳಲ್ಲೊಂದು ಗೋರ್ಸ್ಕಿಯವರದೇ.

ಇನ್ನೊಂದು ಗುಂಪಿನ ಕೈಯಲ್ಲಿದ್ದ ಸಾಧನ ಪ್ರತಿಕಾಯ. ಜೆಫ್ರಿ ಗ್ರೀನ್ ಮತ್ತು ಜೆನ್ಸನ್ 1980ರ ಹೊತ್ತಿಗೆ ಗ್ರಾಹಕವನ್ನೇ ಗುರುತಿಸುವ ಮಾನೊಕ್ಲೋನಲ್ ಪ್ರತಿಕಾಯಗಳನ್ನು ಸಿದ್ಧಪಡಿಸಿದ್ದರು. ಇನ್ನು ವಿಕಿರಣ ಬೇಕಿಲ್ಲ. ಅಂಗಾಂಶದ ಸೀಳಿಗೆ ಪ್ರತಿಕಾಯ ಹಚ್ಚಿದರೆ ಗ್ರಾಹಕ ಇರುವ ಕೋಶಕೇಂದ್ರ ಬಣ್ಣ ತಳೆಯುತ್ತದೆ, ಕಣ್ಣಿಗೆ ಕಾಣುತ್ತದೆ. ಮೊದಮೊದಲು ಇದಕ್ಕೂ ಹೆಪ್ಪುಗಟ್ಟಿಸಿದ ಅಂಗಾಂಶವೇ ಬೇಕಿತ್ತು. 1991ರಲ್ಲಿ ಶಾನ್-ರಾಂಗ್ ಶಿ ಮತ್ತು ಸಂಗಡಿಗರು, ಫಾರ್ಮಲಿನ್ನಿನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶದ ಸೀಳನ್ನು ಮೈಕ್ರೋವೇವ್ ಒಲೆಯಲ್ಲಿ ಕಾಯಿಸಿದರೆ ಮರೆಯಾಗಿದ್ದ ಪ್ರೋಟೀನುಗಳು ಮತ್ತೆ ಪ್ರತಿಕಾಯಕ್ಕೆ ಸಿಗುತ್ತವೆ ಎಂದು ತೋರಿಸಿದರು. ಯಾವ ಪೆಥಾಲಜಿ ಪ್ರಯೋಗಾಲಯವೂ ಮಾಡಬಹುದಾದ ಪರೀಕ್ಷೆಯಾಯಿತು ಅದು. 1999ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊದ ಒಂದು ಸಂಶೋಧಕರ ಗುಂಪು 1,982 ರೋಗಿಗಳ ಗಡ್ಡೆಗಳಲ್ಲಿ ಎರಡೂ ವಿಧಾನಗಳನ್ನು ಹೋಲಿಸಿತು. ಚಿಕಿತ್ಸೆಯ ಫಲ ಮುನ್ಸೂಚಿಸುವಲ್ಲಿ ಪ್ರತಿಕಾಯ ಗೆದ್ದಿತು.

ಗೆದ್ದದ್ದು ಸರಿ, ಆದರೆ ಫೆಮ್ಟೋಮೋಲ್ ಎಂಬ ಮೂರ್ತ ಅಳತೆ ಹೋಗಿ, ನೂರರಲ್ಲಿ ಎಷ್ಟು ಕೋಶಕೇಂದ್ರ ಬಣ್ಣ ಹಿಡಿದಿದೆ ಎಂಬ ಅಂದಾಜು ಬಂತು. 2010ರ ಅಮೆರಿಕದ ಮಾರ್ಗಸೂಚಿ ಶೇ. 1ನ್ನೇ ಗಡಿಯಾಗಿಸಿತು, 2020ರಲ್ಲಿ ಶೇ. 1ರಿಂದ 10ರವರೆಗಿನದನ್ನು ‘ಕಡಿಮೆ ಪಾಸಿಟಿವ್’ ಎಂದು ಪ್ರತ್ಯೇಕಿಸಿತು. ಇಷ್ಟು ತೆಳು ಗಡಿಯಿರುವಾಗ ಫಾರ್ಮಲಿನ್ನಿನಲ್ಲಿ ಕಳೆದ ಗಂಟೆಗಳೂ ಉತ್ತರವನ್ನು ಬದಲಿಸಬಲ್ಲವು. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ 1997ರಿಂದ 2005ರವರೆಗೆ ನಡೆದ ಪರೀಕ್ಷೆಗಳನ್ನು ಮತ್ತೆ ಮಾಡಿದಾಗ 300ಕ್ಕೂ ಹೆಚ್ಚು ಮಂದಿಯ ಫಲಿತಾಂಶ ತಪ್ಪೆಂದು ತಿಳಿದು, ನ್ಯಾಯಾಂಗ ವಿಚಾರಣೆಯೇ ನಡೆಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 2000ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸುಮಾರು ಮೂರರಲ್ಲಿ ಒಂದು ಗಡ್ಡೆಗೆ ಮಾತ್ರ ಈಸ್ಟ್ರೊಜೆನ್ ಗ್ರಾಹಕವಿತ್ತು. ಪಾಶ್ಚಾತ್ಯ ದೇಶಗಳ ಅಂಕಿಗಿಂತ ಇದು ಬಹಳ ಕಡಿಮೆ. ಭಾರತೀಯ ಹೆಂಗಸರ ರೋಗವೇ ಬೇರೆ ಎನ್ನುವ ಮೊದಲು, ದೂರದ ಊರುಗಳಿಂದ ಬರುವ ಮಾದರಿಗಳು ಎಷ್ಟು ಹೊತ್ತು ಯಾವ ದ್ರಾವಣದಲ್ಲಿದ್ದವು ಎಂದು ಕೇಳಬೇಕಾಗುತ್ತದೆ.

ಮಾದರಿಯಷ್ಟೇ ಅಲ್ಲ, ಪ್ರತಿಕಾಯವೂ ದಾರಿ ತಪ್ಪಿಸಬಲ್ಲದು. ವಿಜ್ಞಾನಿ ಯಾನ್-ಓಕೆ ಗುಸ್ತಾಫ್ಸನ್ ಅವರ ಗುಂಪು 1996ರಲ್ಲಿ ಇಲಿಯ ಪ್ರಾಸ್ಟೇಟಿನಲ್ಲಿ ಬೀಟಾ ಎಂಬ ಎರಡನೆಯ ಈಸ್ಟ್ರೊಜೆನ್ ಗ್ರಾಹಕವನ್ನು ಪತ್ತೆಹಚ್ಚಿತು. ಸ್ತನದ ಗಡ್ಡೆಗಳಲ್ಲಿ ಅದರ ಪಾತ್ರವೇನೆಂದು ನೂರಾರು ಲೇಖನಗಳು ಬಂದವು, ಒಂದಕ್ಕೊಂದು ತಾಳೆಯಾಗಲಿಲ್ಲ. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಬಳಕೆಯಲ್ಲಿದ್ದ 13 ಪ್ರತಿಕಾಯಗಳನ್ನು ಒರೆಗೆ ಹಚ್ಚಿದರು. ಬೀಟಾವನ್ನು ಖಚಿತವಾಗಿ ಗುರುತಿಸಿದ್ದು ಒಂದೇ. ಅದನ್ನು ಬಳಸಿ ನೋಡಿದಾಗ ಸಹಜ ಸ್ತನದಲ್ಲಾಗಲೀ ಕ್ಯಾನ್ಸರಿನಲ್ಲಾಗಲೀ ಬೀಟಾ ಕಾಣಲಿಲ್ಲ.