ಎಂಕ್ರಾತೆಯಾ

ಎಂಕ್ರಾತೆಯಾ: ಆಸೆ, ಹಸಿವು, ಕಾಮಗಳನ್ನು ಹತೋಟಿಯಲ್ಲಿಟ್ಟುಕೊಳ್ಳುವ ಗುಣಕ್ಕೆ ಬೈಬಲಿನ ಗ್ರೀಕ್‌ನಲ್ಲಿರುವ ಹೆಸರು. ಬಲ, ಒಡೆತನ ಎಂಬ ಅರ್ಥದ ಕ್ರಾತೋಸ್ ಇದರ ಮೂಲ. ಕನ್ನಡ ಸತ್ಯವೇದದಲ್ಲಿ ಇದಕ್ಕೆ ದಮೆ, ಶಮೆದಮೆ ಎಂಬ ಪದಗಳಿವೆ.

ಗ್ರೀಕ್ ಹಿನ್ನೆಲೆ: ಕ್ಸೆನೊಫೋನನ ಬರಹದಲ್ಲಿ ಸಾಕ್ರೆಟಿಸ್ ಈ ಗುಣವನ್ನು ಸದ್ಗುಣಗಳ ತಳಹದಿ ಎನ್ನುತ್ತಾನೆ. ಅರಿಸ್ಟಾಟಲ್ ಇದನ್ನು ಸೋಫ್ರೊಸುನೆಯಿಂದ (ಮಿತವರಿತ ನಡತೆಯಿಂದ) ಬೇರ್ಪಡಿಸಿದ. ಎಂಕ್ರಾತೆಯಾ ಉಳ್ಳವನೊಳಗೆ ಕೆಟ್ಟ ಆಸೆ ಇದೆ, ಅವನು ಅದನ್ನು ಅದುಮುತ್ತಾನೆ. ಸೋಫ್ರೊಸುನೆ ಉಳ್ಳವನಿಗೆ ಅದುಮಬೇಕಾದ ಆಸೆಯೇ ಇಲ್ಲ.

ಹೊಸ ಒಡಂಬಡಿಕೆಯಲ್ಲಿ: ಸುವಾರ್ತೆಗಳಲ್ಲಿ ಈ ನಾಮಪದ ಬರುವುದಿಲ್ಲ; ಅದು ಇರುವುದು ಮೂರೇ ಗ್ರಂಥಗಳಲ್ಲಿ: ಅಪೊಸ್ತಲರ ಕೃತ್ಯಗಳು, ಗಲಾತ್ಯದವರಿಗೆ ಬರೆದ ಪತ್ರ, ಪೇತ್ರನ ಎರಡನೆಯ ಪತ್ರ. ಅಪೊಸ್ತಲರ ಕೃತ್ಯಗಳಲ್ಲಿ (24:25) ಸೆರೆಯಲ್ಲಿದ್ದ ಪೌಲ ರೋಮನ್ ಅಧಿಪತಿ ಫೆಲಿಕ್ಸನೆದುರು ನೀತಿ, ದಮೆ, ಮುಂದಿನ ನ್ಯಾಯತೀರ್ಪುಗಳ ಕುರಿತು ಮಾತಾಡುತ್ತಾನೆ. ದಮೆಯ ಮಾತು ಕೇಳುಗರಿಗೆ ತಾಕುವಂಥದೇ: ಫೆಲಿಕ್ಸನ ಜೊತೆಗಿದ್ದ ಹೆಂಡತಿ ದ್ರೂಸಿಲ್ಲಳು ಮೊದಲ ಗಂಡನನ್ನು ಬಿಟ್ಟು ಫೆಲಿಕ್ಸನನ್ನು ವರಿಸಿದವಳೆಂದು ಇತಿಹಾಸಕಾರ ಜೋಸೆಫಸ್ ತಿಳಿಸುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ (5:22-23) ಇದು ಆತ್ಮನ ಫಲಗಳ ಸಾಲಿನಲ್ಲಿ ಕೊನೆಯದು. ಮನುಷ್ಯ ತನ್ನ ಬಲದಿಂದ ಗೆದ್ದುಕೊಳ್ಳುವ ಒಡೆತನವೆಂಬ ಹಳೆಯ ಗ್ರೀಕ್ ಭಾವ ಇಲ್ಲಿ ಬದಲಾಗುತ್ತದೆ: ಸಂಯಮ ದೇವರಾತ್ಮನಿಂದ ಬೆಳೆದುಬರುವಂಥದು. ಆದರೂ ಶ್ರಮ ತಪ್ಪಿದ್ದಲ್ಲ. ಕೊರಿಂಥದವರಿಗೆ ಬರೆಯುವಾಗ (1 ಕೊರಿಂಥ 9:25) ಪೌಲ ಇದರ ಕ್ರಿಯಾಪದವನ್ನು ಕ್ರೀಡಾಪಟುವಿನ ಕಟ್ಟುಪಾಡಿಗೆ ಬಳಸುತ್ತಾನೆ. ಎರಡು ವರ್ಷಕ್ಕೊಮ್ಮೆ ಇಸ್ತಮಿಯಾದ ಪಂದ್ಯಗಳು ನಡೆಯುತ್ತಿದ್ದುದು ಆ ಊರಿನ ಹತ್ತಿರವೇ.

ಸಂಬಂಧಿತ ಗುಣಗಳು: ಸೋಫ್ರೊಸುನೆ ಎಂದರೆ ಸ್ವಸ್ಥ ಬುದ್ಧಿ, ಮಿತವರಿತ ನಡತೆ. ದೆವ್ವ ಬಿಟ್ಟವನು ಸ್ವಸ್ಥಬುದ್ಧಿಯಿಂದ ಕೂತಿದ್ದನ್ನು ಹೇಳಲು ಮಾರ್ಕನು (5:15) ಇದೇ ಕುಲದ ಕ್ರಿಯಾಪದ ಬಳಸಿದ್ದಾನೆ. ನೇಫಾಲಿಯೋಸ್ ಎಂದರೆ ಅಮಲಿಲ್ಲದವನು, ಎಚ್ಚರವುಳ್ಳವನು. ಸಭೆಯ ಹಿರಿಯರಲ್ಲಿ ಬೇಡುವ ಗುಣ. ಹುಪೊಮೊನೆ ಕಷ್ಟದಡಿ ಕದಲದೆ ನಿಲ್ಲುವ ತಾಳ್ಮೆ; ಮಕ್ರೊಥುಮಿಯಾ ಬೇಗ ಸಿಟ್ಟಾಗದ ದೀರ್ಘಶಾಂತಿ. ಹತೋಟಿ ತಪ್ಪಿದ ಸ್ಥಿತಿಗೆ ಅಕ್ರಸಿಯಾ ಎಂದು ಹೆಸರು.

ನಂತರದ ಕಾಲ: ಎರಡನೆಯ ಶತಮಾನದಲ್ಲಿ ಮದುವೆ, ಮಾಂಸ, ಮದ್ಯಗಳನ್ನು ಪೂರ್ತಿ ತೊರೆದ ಪಂಥದವರಿಗೆ ಎಂಕ್ರತೀಯರೆಂಬ ಹೆಸರು ಬಂತು. ಮದುವೆಯನ್ನೇ ಕೆಟ್ಟದೆಂದ ಅವರ ಬೋಧನೆಯನ್ನು ಕ್ರೈಸ್ತ ದೇವಶಾಸ್ತ್ರಜ್ಞ ಐರಿನೇಯಸ್ ಖಂಡಿಸಿದ.

ಕನ್ನಡದಲ್ಲಿ: ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಗೊಂಡ ಕನ್ನಡ ಬೈಬಲ್ ಅನುವಾದ 1831ರ ಹೊತ್ತಿಗೆ ಪೂರ್ಣಗೊಂಡಿತು, ಮುಂದೆ ಅದರ ಪರಿಷ್ಕರಣೆಗಳು ಬಂದವು. ಹುಳಿಯಾರು, ತಿಪಟೂರು ಸೀಮೆಗೆ ಹತ್ತಿರದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ 1839ರಿಂದ ಸುಮಾರು ಎರಡು ವರ್ಷ ಇದ್ದು, ಕನ್ನಡ ಕಲಿತು ಬೋಧಿಸಿದ. ಎಡೆಯೂರಿನಲ್ಲಿ ವೀರಶೈವ ಸಂತ ತೋಂಟದ ಸಿದ್ಧಲಿಂಗರ ಗದ್ದುಗೆಯಿರುವ, ಮಠಗಳ ಈ ನಾಡಿಗೆ ಇಂದ್ರಿಯನಿಗ್ರಹ ಹೊಸ ಮಾತಾಗಿರಲಿಲ್ಲ. ಸತ್ಯವೇದದ ಶಮೆದಮೆಯೂ ವೇದಾಂತದ ಶಮಾದಿ ಷಟ್ಕದ (ಶಮದಿಂದ ಮೊದಲಾಗುವ ಆರು ಗುಣಗಳ) ನುಡಿಯೇ: ಶಮ ಮನಸ್ಸಿನ ನಿಗ್ರಹ, ದಮ ಹೊರಗಿನ ಇಂದ್ರಿಯಗಳದು. ಆದರೆ ಕ್ರಮ ಬೇರೆ. ವೇದಾಂತದಲ್ಲಿ ಇವು ಜ್ಞಾನಕ್ಕೆ ಮೊದಲು ಬೇಕಾದ ಅರ್ಹತೆಗಳು; ಪೇತ್ರನ ಎರಡನೆಯ ಪತ್ರದ (1:6) ಗುಣಗಳ ಸಾಲಿನಲ್ಲಿ ಮೊದಲು ಜ್ಞಾನ, ಅದಕ್ಕೆ ಕೂಡಿಸಬೇಕಾದದ್ದು ದಮೆ, ಆಮೇಲೆ ತಾಳ್ಮೆ.